ಹುಲ್ಲು ಬೆಳೆಸಿದ ದ್ರಾಕ್ಷಿತೋಟದ ಕಂಠಪ್ಪನವರು

ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪು, ಹೆಗ್ಗಡದೇವನಕೋಟೆಯ ಕಡೆ ಹತ್ತಿ, ಶುಂಠಿ ಎಂಬುದೇ ರೂಢಿಯಾಗಿದ್ದ ಕಾಲದಲ್ಲಿ, ಕಾಡಂಚಿನ ಆರು ಎಕರೆ ಕೆಂಪು ನೆಲದಲ್ಲಿ ವೈನಿನ ದ್ರಾಕ್ಷಿ ಬೆಳೆದು, ದಣಿದಿದ್ದ ಆ ನೆಲಕ್ಕೆ ಮತ್ತೆ ಜೀವ ತುಂಬಿದವರು ಶ್ರೀ ಕಂಠಪ್ಪನವರು. ಎಪ್ಪತ್ತೆರಡು ತುಂಬಿ ತೋಟದ ಹೊಣೆಯಿಂದ ನಿವೃತ್ತರಾಗುತ್ತಿರುವ ಈ ಹಿರಿಯರ ಅಭಿನಂದನ ಸಂಪುಟಕ್ಕೆ ಬರೆಯಲು ಕುಳಿತಾಗ ನನಗೆ ಅಳುಕಾಗುತ್ತದೆ. ಅವರ ಬಾಳಿನ ಅತ್ಯಂತ ಕೆಟ್ಟ ದಿನಕ್ಕೆ ನಾನೂ ಕಾರಣನಾಗಿದ್ದೆ.

ಅವರು ಮೊದಲ ಬಳ್ಳಿ ನೆಟ್ಟದ್ದು ೨೦೦೬ರಲ್ಲಿ. ಮದ್ಯದ ವಾಸನೆಯೂ ಸೇರದ ಮನೆತನ. ನೆಂಟರು ಹೆಂಡದ ತೋಟವೆಂದು ಹೀಗಳೆದು ಎರಡು ವರ್ಷ ಮನೆಗೆ ಬರಲಿಲ್ಲ. ಅವರು ವಾದಿಸಲಿಲ್ಲ. ಇಂದಿಗೂ ಒಂದು ತೊಟ್ಟು ವೈನನ್ನೂ ಕುಡಿಯದ ಕಂಠಪ್ಪನವರು ಹಣ್ಣಿನ ಬೀಜವನ್ನು ಅಗಿದು ನೋಡಿಯೇ ಕೊಯ್ಲಿನ ದಿನ ಹೇಳುತ್ತಿದ್ದರು. ಆ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ.

ನಾನಾಗ ಔಷಧಿ ಮಾರುವ ಒಂದು ಕಂಪನಿಯ ಬೆಳೆ ಸಲಹೆಗಾರ. ವಾರಕ್ಕೊಮ್ಮೆ ಬಂದು, ಯಾವ ದಿನ ಏನು ಸಿಂಪಡಿಸಬೇಕೆಂದು ಚೀಟಿ ಬರೆದುಕೊಡುತ್ತಿದ್ದೆ. ಸಿಂಪಡಿಸುತ್ತಿದ್ದವರು ತೋಟದ ಪಕ್ಕದ ಗಿರಿಜನರ ಹಾಡಿಯ ಚಿಕ್ಕಬೊಮ್ಮ. ಬಳ್ಳಿ ಕಟ್ಟುತ್ತಿದ್ದವರು ಅವರ ಹೆಂಡತಿ ಬೊಮ್ಮಮ್ಮ. ೨೦೧೩ರ ನವೆಂಬರಿನ ಒಂದು ಮಧ್ಯಾಹ್ನ, ಬೆನ್ನಿನ ಮೇಲೆ ಔಷಧಿಯ ಕ್ಯಾನು ಇದ್ದಂತೆಯೇ ಚಿಕ್ಕಬೊಮ್ಮ ಸಾಲಿನ ನಡುವೆ ಕುಸಿದರು. ಕಂಠಪ್ಪನವರು ಅವರನ್ನು ಜೀಪಿನಲ್ಲಿ ಮಲಗಿಸಿಕೊಂಡು ಮೈಸೂರಿಗೆ ಓಡಿದರು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಜೊತೆಗಿದ್ದು, ತಾವೇ ಗಂಜಿ ಕುಡಿಸಿದರು. ಜೀವ ಉಳಿಯಿತು, ಬಲಗೈ ನಡುಕ ಉಳಿದೇಬಿಟ್ಟಿತು.

ಅವರನ್ನು ಮನೆಗೆ ಕರೆತಂದ ದಿನ ಹಾಡಿಯ ಅಂಗಳದಲ್ಲಿ ನಾನೂ ಇದ್ದೆ. ಎಲ್ಲರೆದುರು ಕಂಠಪ್ಪನವರು ಬೊಮ್ಮಮ್ಮನವರಿಗೆ ಕೈ ಮುಗಿದರು.

“ಕೈ ಮುಗಿಬ್ಯಾಡಿ ಬುದ್ದಿ,” ಎಂದರು ಆಕೆ. “ಇನ್ನೊಬ್ಬನ ಬೆನ್ನಿಗೆ ಆ ಕ್ಯಾನು ಏರುಸ್ಬ್ಯಾಡಿ, ಅಷ್ಟೇಯ.”

“ಏರ್ಸಾಕಿಲ್ಲ ಕಣವ್ವ.”

ಹಿಂದಿರುಗುವ ದಾರಿಯಲ್ಲಿ, ಚೀಟಿ ಬರೆದವನು ನಾನು, ತಪ್ಪು ನನ್ನದು ಎಂದೆ. ಅವರು, “ನೀನು ಬರ್ದೆ, ನಾನು ಅವನ ಕೈಗೆ ಕೊಟ್ಟೆ. ಇಬ್ಬರ್ದೂ ಐತೆ ಕಣಪ್ಪ,” ಎಂದರು. ಆ ತಿಂಗಳೇ ನಾನು ಕೆಲಸ ಬಿಟ್ಟೆ. ಎಲ್ಲಿಗೆ ಹೋಗಬೇಕೆಂದು ತೋಚದೆ ಅವರ ಬಾಗಿಲಿಗೆ ಹೋದಾಗ ಬಳ್ಳಿ ಸವರುವ ಕತ್ತರಿಯೊಂದನ್ನು ಕೈಗಿತ್ತು, ಸಾಲು ತೋರಿಸಿದರು. ಅಂದಿನಿಂದ ಇಂದಿನವರೆಗೆ ಯಾರೆದುರೂ ನನ್ನ ಹಳೆಯ ಚೀಟಿಗಳ ಪ್ರಸ್ತಾಪ ಮಾಡಲಿಲ್ಲ.

ಕೊಟ್ಟ ಮಾತು ದುಬಾರಿಯಾಯಿತು. ಮರುವರ್ಷ ಬೂಜು ರೋಗಕ್ಕೆ ಮುಕ್ಕಾಲು ಬೆಳೆ ಹೋಯಿತು. ಅದರ ಮರುವರ್ಷ ವೈನಿನ ಕಾರ್ಖಾನೆಯವರು ಹಣ್ಣಿನಲ್ಲಿ ಬೂಜಿದೆಯೆಂದು ತುಂಬಿದ ಲಾರಿಯನ್ನು ಗೇಟಿನಿಂದಲೇ ತಿರುಗಿಸಿದರು. ಸೊಸೆ ಮಂಗಳಾ ಅವರ ಸಹನೆ ಮುಗಿಯಿತು.

“ಇದೊಂದು ವರ್ಷ ಔಷಧಿ ಹೊಡ್ಸಿ ಮಾವ. ಬಳ್ಳಿ ಉಳುದ್ರೆ ತಾನೆ ಮುಂದಿನ ಮಾತು.”

“ಯಾರ ಬೆನ್ನಿಗೆ ಏರ್ಸಾನ, ನೀನೇ ಹೇಳವ್ವ.”

ಮರುದಿನದಿಂದ ಮಂಗಳಾ ತಾವೇ ಸಾಲು ಸಾಲು ನಡೆದು ರೋಗ ಎಲ್ಲಿದೆ, ಎಲ್ಲಿಲ್ಲ ಎಂದು ಗುರುತು ಹಾಕತೊಡಗಿದರು. ಅವರ ಜೊತೆ ನಡೆಯುತ್ತಿದ್ದ ಬೊಮ್ಮಮ್ಮನವರೇ ಅದನ್ನು ಮೊದಲು ಕಂಡದ್ದು. ಬೇಲಿ ಹಾರಿ ಬಂದ ಕುರಿಗಳು ಕೆಳಗಿನ ಎಲೆ ತಿಂದುಹೋದ ಕಡೆ ಗೊಂಚಲು ಶುಭ್ರವಾಗಿತ್ತು. “ಸೊಪ್ಪಿಲ್ದ ಕಡೆ ಗಾಳಿ ಆಡ್ತದೆ, ಬೂಜು ಕೂರಾಕಿಲ್ಲ,” ಎಂದರು.

ಕೂಲಿಯ ಹೆಂಗಸು ಹೇಳಿದ್ದೆಂದು ತಳ್ಳಿಹಾಕದೆ, ಕಂಠಪ್ಪನವರು ಆ ವರ್ಷ ಇಡೀ ತೋಟದ ಗೊಂಚಲುಗಳ ಸುತ್ತಲ ಎಲೆ ತೆಗೆಸಿದರು. ಕುರಿ ಸಾಕಿದರು, ಅವನ್ನು ಕಾಯುವ ಕೆಲಸ ಚಿಕ್ಕಬೊಮ್ಮನವರದಾಯಿತು. ಉಳುಮೆ ನಿಂತಿತು. ಸಾಲುಗಳ ನಡುವೆ ಹುರುಳಿ, ಅಲಸಂದೆ, ಹುಲ್ಲು ಬೆಳೆದವು. ಬಿದ್ದ ಮಳೆ ಕೆಂಪಾಗಿ ಹಳ್ಳಕ್ಕೆ ಹರಿಯುವುದು ನಿಂತು ನೆಲಕ್ಕಿಳಿಯತೊಡಗಿತು. ಮೂರನೆಯ ವರ್ಷ ಅರ್ಧ ಬೆಳೆ ಕೈಗೆ ಬಂತು; ಐದನೆಯ ವರ್ಷ ಅದೇ ಕಾರ್ಖಾನೆಯವರು ತಾವೇ ಲಾರಿ ಕಳಿಸಿದರು. ಈಗ ಪರವಾನಗಿ ಪಡೆದು ಮಂಗಳಾ ಅವರೇ ತೋಟದಲ್ಲಿ ವೈನು ತಯಾರಿಸುತ್ತಾರೆ.

ಕಳೆದ ಮಾರ್ಚಿನಲ್ಲಿ, ಕೊಯ್ಲಿನ ಕೊನೆಯ ದಿನ, ಇನ್ನು ಮುಂದೆ ತೋಟದಲ್ಲಿ ಮಂಗಳಾ ಅವರ ಮಾತೇ ಕೊನೆಯದೆಂದು ಕಂಠಪ್ಪನವರು ಎಲ್ಲರೆದುರು ಹೇಳಿದರು. ಮಂಗಳಾ ಅವರ ಮೊದಲ ನಿರ್ಧಾರ ಅಲ್ಲೇ ಹೊರಬಿತ್ತು. ಮಾವ ತಮ್ಮ ಕೈಯಾರೆ ಮೊದಲು ನೆಟ್ಟ ಅರ್ಧ ಎಕರೆಯ ಬಳ್ಳಿಗಳು ಬರಡಾಗಿವೆ. ಅವನ್ನು ಕಿತ್ತು, ನೆಲಕ್ಕೆ ಒಂದು ವರ್ಷ ವಿಶ್ರಾಂತಿ ಕೊಟ್ಟು, ಹೊಸದಾಗಿ ನೆಡಬೇಕು.

“ಬೇಜಾರಾಯ್ತಾ ಮಾವ?”

“ಆಯ್ತು,” ಎಂದರು ಕಂಠಪ್ಪನವರು. “ಆದ್ರೂ ನೀನು ಹೇಳಿದ್ದೇ ಸರಿ ಕಣವ್ವ. ನನ್ಗೆ ಈ ಮಾತು ಬಾಯಿಗ್ ಬತ್ತಿರ್ನಿಲ್ಲ.”

ಮರುದಿನ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಹಾರೆ ಹಿಡಿದು ಎರಡು ಬಳ್ಳಿಗಳನ್ನು ಅವರೇ ಕಿತ್ತಿದ್ದರು. ಮೂರನೆಯದರ ಬುಡಕ್ಕೆ ಹಾರೆ ಹಾಕಿದಾಗ ಬೊಮ್ಮಮ್ಮನವರು ಹೋಗಿ ಇನ್ನೊಂದು ಕಡೆಯಿಂದ ಕೈಜೋಡಿಸಿದರು.

ಆ ನೆಲದಲ್ಲೀಗ ಹುರುಳಿ ಹೂಬಿಟ್ಟಿದೆ. ಬರುವ ವರ್ಷ ಸಸಿ ನಾಟಿಯಾಗಲಿದೆ; ಅವು ಫಲ ಕೊಡಲು ಇನ್ನೂ ಮೂರು ವರ್ಷ ಬೇಕು, ನೆಲೆನಿಲ್ಲಲು ಹತ್ತು. ಅಷ್ಟೂ ಕಾಲ, ಅದರಾಚೆಗೂ, ಪೂಜ್ಯ ಕಂಠಪ್ಪನವರು ಆರೋಗ್ಯದಿಂದ ಆ ಸಾಲುಗಳಲ್ಲಿ ಓಡಾಡಿಕೊಂಡಿರಲಿ, ನಾವು ಬಳ್ಳಿಯನ್ನು ತಪ್ಪಾಗಿ ಸವರಿದಾಗ ತಡೆದು ನಿಲ್ಲಿಸಲಿ ಎಂದು ಅವರ ಕೈಕೆಳಗೆ ಕಲಿತವನೊಬ್ಬ ಕೇಳಿಕೊಳ್ಳುತ್ತಾನೆ.

– ಶಿವಕುಮಾರ