ಟೈಲರಕ್ಕನ ಗುಂಡಣ್ಣ

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎನ್ನುತ್ತಿದ್ದರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಅಮ್ಮನ ಮಂಚ, ಅಷ್ಟೇ ಅವಳ ಮನೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅಮ್ಮ ತಾನಾಗಿ ಏಳುವಂತಿರಲಿಲ್ಲ. ಬೆಳಿಗ್ಗೆ ಮಂಚದಿಂದ ಗಾಲಿಕುರ್ಚಿಗೆ, ಸಂಜೆ ಗಾಲಿಕುರ್ಚಿಯಿಂದ ಮಂಚಕ್ಕೆ ಯಾರಾದರೂ ಎತ್ತಿ ಕೂರಿಸಬೇಕು. ಆ ಯಾರಾದರೂ ಎಂದರೆ ಅಣ್ಣ.

ಅಣ್ಣನದು ಪಕ್ಕದ ಬೀದಿಯಲ್ಲಿ ಚಪ್ಪಲಿ ಅಂಗಡಿ. ಅಂಗಡಿ ತೆರೆಯುವ ಮುಂಚೆ ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ ಬರುತ್ತಿದ್ದ. ಬರುವುದೇನೋ ಬರುತ್ತಿದ್ದ, ಆದರೆ ಉಪಕಾರ ಮಾಡುವವನ ಮುಖ ಹೊತ್ತುಕೊಂಡೇ ಬರುತ್ತಿದ್ದ. ಹೊಸ್ತಿಲು ದಾಟುವ ಮುಂಚೆಯೇ ಗೊಣಗಾಟ ಶುರು.

“ನಂಗೂ ಹೆಂಡ್ತಿ ಮಕ್ಕಳು ಇದ್ದಾರೆ ಕಣೇ. ಎಷ್ಟು ದಿನ ಅಂತ ಹೀಗೆ ಓಡಾಡ್ಲಿ? ಒಂದು ಒಳ್ಳೆ ವೃದ್ಧಾಶ್ರಮ ನೋಡಿದ್ದೀನಿ, ಸೇರಿಸಿಬಿಡೋಣ.”

ಅದನ್ನೂ ಅಮ್ಮನ ಕಂಕುಳಿಗೆ ಕೈ ಕೊಟ್ಟು ಎತ್ತುತ್ತಲೇ, ಅವಳ ಕಿವಿಯ ಪಕ್ಕದಲ್ಲೇ ಹೇಳುತ್ತಿದ್ದ. ಟೈಲರಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಮ್ಮನನ್ನು ಆಶ್ರಮಕ್ಕೆ ಕಳಿಸುವ ಮಾತು ನಿಲ್ಲಬೇಕಾದರೆ ಇವನ ಹಂಗು ತಪ್ಪಬೇಕು ಎಂದು ಅವಳಿಗೆ ಗೊತ್ತಿತ್ತು. ಒಮ್ಮೆ ಹಟಕ್ಕೆ ಬಿದ್ದು ತಾನೇ ಎತ್ತಲು ಹೋದಳು. ಇಬ್ಬರೂ ಮಂಚದ ಬುಡದಲ್ಲಿ ಕುಸಿದು ಕೂತರು. ಪುಣ್ಯಕ್ಕೆ ಏನೂ ಮುರಿಯಲಿಲ್ಲ, ಆದರೆ ಅಣ್ಣನಿಗೆ ಆಡಿಕೊಳ್ಳಲು ಇನ್ನೊಂದು ವಿಷಯ ಸಿಕ್ಕಿತು.

ಹೀಗಿರುವಾಗ ಜಿಮ್‌ನಲ್ಲಿ ಕಲಿಸುವ ಹುಡುಗಿಯೊಬ್ಬಳು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಳು. ಅಳತೆ ತೆಗೆಯುತ್ತಾ ಟೈಲರಕ್ಕ ತನ್ನ ಗೋಳನ್ನೆಲ್ಲ ತೋಡಿಕೊಂಡಳು. ಪ್ಯಾಂಟು ತೆಗೆದುಕೊಂಡು ಹೋಗಲು ಬಂದಾಗ ಹುಡುಗಿ ಬಣ್ಣ ಕಿತ್ತುಹೋದ ಒಂದು ಕೆಟಲ್‌ಬೆಲ್ ತಂದಿಟ್ಟಳು. ಕಬ್ಬಿಣದ ದಪ್ಪ ಗುಂಡು, ಮೇಲೊಂದು ಹಿಡಿ.

“ಮೂಲೇಲಿ ಬಿದ್ದಿತ್ತು, ಇಟ್ಕೊಳ್ಳಿ ಅಕ್ಕಾ. ಇದನ್ನ ಸರಿಯಾಗಿ ಎತ್ತೋದು ಕಲಿತ್ರೆ ಅಮ್ಮನ್ನೂ ಎತ್ತಬಹುದು.”

ಮಂಚದಲ್ಲಿದ್ದ ಅಮ್ಮ ಕತ್ತು ಚಾಚಿ ನೋಡಿದಳು. “ಅಯ್ಯೋ, ಕುತ್ತಿಗೇನೇ ಇಲ್ವಲ್ಲೇ ಇವನಿಗೆ! ಗುಂಡಣ್ಣ!”

ಅಂದಿನಿಂದ ಅದು ಗುಂಡಣ್ಣನೇ ಆಯಿತು.

ಮೊದಲ ದಿನ ಟೈಲರಕ್ಕ ಗುಂಡಣ್ಣನನ್ನು ಇಸ್ತ್ರಿಪೆಟ್ಟಿಗೆಯಂತೆ ಎತ್ತಲು ಹೋದಳು. ಆಯುಸ್ಸೆಲ್ಲ ಯಂತ್ರದ ಮುಂದೆ ಬಗ್ಗಿದ್ದ ಬೆನ್ನು ಅದು. ಭಾರ ಕಂಡೊಡನೆ ಬಿಲ್ಲಾಯಿತು, ಭುಜ ಕಿವಿಯವರೆಗೆ ಏರಿತು.

“ಏನಕ್ಕಾ, ಕಾಲರ್ ಇಸ್ತ್ರಿ ಮಾಡ್ತಿದ್ದೀರಾ?” ಹುಡುಗಿಗೆ ನಗು ತಡೆಯಲಾಗಲಿಲ್ಲ. “ಕೈ ಬರೀ ಹಗ್ಗ ಅಂದ್ಕೊಳ್ಳಿ. ಬಾಗೋದು ಸೊಂಟದಿಂದ, ಬೆನ್ನಿಂದಲ್ಲ. ಎರಡೂ ಕೈ ತುಂಬಾ ಸಾಮಾನಿದ್ದಾಗ ಹಿಂದಿನ ಬಾಗಿಲನ್ನ ಹೇಗೆ ನೂಕ್ತೀರಿ? ಹಾಗೆ.”

ಟೈಲರಕ್ಕ ನಾಚಿ ನೀರಾಗಿ ಕಿಟಕಿ ಮುಚ್ಚಿ ಬಂದಳು. ಆದರೆ ಹಟಮಾರಿ. ಬಟ್ಟೆ ಕತ್ತರಿಸುವಾಗ ಗೆರೆ ಎಳೆಯುವ ಮರದ ಪಟ್ಟಿಯನ್ನು ಅಂಗಿಯ ಬೆನ್ನಿನೊಳಗೆ ತೂರಿಸಿಕೊಂಡು ಅಭ್ಯಾಸ ಮಾಡಿದಳು. ಬೆನ್ನು ಬಾಗಿದರೆ ಅದು ಚುಚ್ಚುತ್ತಿತ್ತು. ಮೊದಲು ನೆಲದಿಂದ ಎತ್ತಿ ಇಡುವುದು, ಅದು ರೂಢಿಯಾದ ಮೇಲೆ ಗುಂಡನ್ನು ಎದೆಗವಚಿಕೊಂಡು ಕುಕ್ಕರಗಾಲಲ್ಲಿ ಕೂತು ಏಳುವುದು. ತೊಡೆನೋವಿಗೆ ಪೆಡಲ್ ತುಳಿಯಲಾಗದೆ ಗಿರಾಕಿಗಳಿಂದ ಬೈಸಿಕೊಂಡಳು. ಮಂಚದಿಂದ ಅಮ್ಮನ ಮೇಸ್ತ್ರಿಕೆ ಬೇರೆ. “ಇನ್ನೂ ಕೆಳಗೆ ಹೋಗೇ, ಕಳ್ಳಾಟ ಆಡ್ಬೇಡ!” ಬಚ್ಚಲಲ್ಲಿ ಬಿದ್ದ ಮೇಲೆ ಅಮ್ಮ ಬಾಯ್ತುಂಬಾ ನಕ್ಕದ್ದು ಆ ದಿನಗಳಲ್ಲೇ.

ಒಂದು ಬೆಳಿಗ್ಗೆ ಅಣ್ಣ ಬರುವಷ್ಟರಲ್ಲಿ ಅಮ್ಮ ಗಾಲಿಕುರ್ಚಿಯಲ್ಲಿ ಕೂತಿದ್ದಳು.

“ಯಾರು ಎತ್ತಿದ್ದು?”

“ನಾನೇ,” ಎಂದಳು ಟೈಲರಕ್ಕ. ಅವನು ಪೆಚ್ಚಾಗುತ್ತಾನೆ ಎಂದುಕೊಂಡಿದ್ದಳು. ಅವನ ಮುಖವೋ, ದೊಡ್ಡ ಹೊರೆ ಇಳಿದವನಂತೆ ಅರಳಿತು.

“ಸದ್ಯ! ನಿನ್ನ ಕೈಲೇ ಆಗತ್ತೆ ಅಂದ್ಮೇಲೆ ಆಶ್ರಮ ಗೀಶ್ರಮ ಎಲ್ಲ ಯಾಕೆ ಬಿಡು.”

ಗೆದ್ದೆ ಎಂದುಕೊಂಡಳು ಪೆದ್ದಿ. ಸಂಜೆ ಅಣ್ಣ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಆಗೊಮ್ಮೆ ಈಗೊಮ್ಮೆ ಫೋನ್ ಮಾಡಿದ, ಆಮೇಲೆ ಅದನ್ನೂ ಬಿಟ್ಟ.

ಅಮ್ಮ ಗಾಲಿಕುರ್ಚಿಯನ್ನು ಬಾಗಿಲ ಕಡೆ ತಿರುಗಿಸು ಎಂದಳು, ಅಷ್ಟೆ. ಅಂಗಡಿ ತೆರೆಯುವ ಹೊತ್ತಿಗೆ ಬೀದಿಯಲ್ಲಿ ಯಾರ ಚಪ್ಪಲಿ ಸದ್ದಾದರೂ ಕತ್ತು ಎತ್ತುತ್ತಿದ್ದಳು. ಗುಂಡಣ್ಣನ ತಮಾಷೆ ನಿಂತಿತು. ಊಟ ಅರ್ಧಕ್ಕೆ ನಿಂತಿತು. ಕಡೆಗೊಂದು ಬೆಳಿಗ್ಗೆ, ಟೈಲರಕ್ಕ ಬೆನ್ನು ನೆಟ್ಟಗೆ ಇಟ್ಟು, ಒಂದಿಷ್ಟೂ ಅಲುಗದಂತೆ ಎತ್ತಿ ಕೂರಿಸಿದಾಗ, ಅಮ್ಮ ಮಗಳ ಭುಜದ ಮೇಲಿಂದಲೇ ಬಾಗಿಲ ಕಡೆ ನೋಡುತ್ತಾ ಹೇಳಿದಳು:

“ಬೈಕೊಂಡಾದ್ರೂ ಬರ್ತಿದ್ದ ಕಣೇ. ನೀನ್ಯಾಕೆ ಇದನ್ನ ಕಲಿತೆ?”

ಹೊತ್ತು ಹೊತ್ತಿಗೆ ಉಣಿಸಿ, ತೊಳೆದು, ಬಳಿದು ನೋಡಿಕೊಂಡವಳಿಗೆ ಸಿಕ್ಕ ಬಹುಮಾನ ಇದು. ಟೈಲರಕ್ಕನಿಗೆ ಅಳುವೂ ಬಂತು, ಅಮ್ಮನನ್ನು ಹಾಗೇ ಬಿಟ್ಟು ಎಲ್ಲಾದರೂ ಹೊರಟುಹೋಗೋಣ ಎನ್ನುವಷ್ಟು ಸಿಟ್ಟೂ ಬಂತು. ದಿನವಿಡೀ ಯಂತ್ರ ತುಳಿದಳು. ಸಂಜೆ ಅಮ್ಮನ ತಟ್ಟೆ ಮತ್ತೆ ತುಂಬಿದಂತೆಯೇ ವಾಪಸು ಬಂದಾಗ ಅಣ್ಣನಿಗೆ ಫೋನ್ ಮಾಡಿದಳು.

“ಅಣ್ಣಾ, ನನ್ನ ಬೆನ್ನು ಹಿಡ್ಕೊಂಡಿದೆ. ಇನ್ಮೇಲೆ ಎತ್ತೋಕಾಗಲ್ಲ.”

ಬೆಳಿಗ್ಗೆ ಅಣ್ಣ ಗೊಣಗುತ್ತಲೇ ಬಂದ. “ನನ್ನ ಹಣೆಬರಹ! ಹೀಗಾದ್ರೆ ಆಶ್ರಮಾನೇ ಸರಿ.” ಅವನು ಕಂಕುಳಿಗೆ ಕೈ ಹಾಕಿದಾಗ ಅಮ್ಮ ಆಶ್ರಮದ ಮಾತಿಗೂ ಹೂಂಗುಟ್ಟಿದಳು. ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದು, ಕೂತ ಮೇಲೂ ಬಿಡಲಿಲ್ಲ. ಆ ಮುಖದಲ್ಲಿದ್ದ ಬೆಳಕನ್ನು ಟೈಲರಕ್ಕ ಬಾಗಿಲಲ್ಲಿ ನಿಂತು, ನೋವಿದ್ದವಳಂತೆ ಸೊಂಟಕ್ಕೆ ಕೈ ಕೊಟ್ಟುಕೊಂಡು ನೋಡಿದಳು.

ಅಣ್ಣನ ಕಣ್ಣು ಮಂಚದ ಕೆಳಗಿನ ಗುಂಡಣ್ಣನ ಮೇಲೆ ಬಿತ್ತು. “ಇದರಿಂದಾನೇ ತಾನೇ ಬೆನ್ನು ಹೋಗಿದ್ದು? ಹೆಂಗಸರಿಗೆ ಯಾಕೆ ಈ ಕಸರತ್ತು? ಅಂಗಡಿ ಬಾಗಿಲು ಗಾಳಿಗೆ ಬಡ್ಕೊಳ್ತಿರತ್ತೆ, ಅಡ್ಡ ಇಡ್ತೀನಿ, ಕೊಡು.”

ಬೆನ್ನು ಬಿಲ್ಲಾಗಿಸಿ, ಭುಜ ಕಿವಿಗೇರಿಸಿ ಎತ್ತಿದ. ಸೊಂಟದಿಂದ ಬಾಗು ಎನ್ನುವ ಮಾತು ಟೈಲರಕ್ಕನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಏದುಸಿರು ಬಿಡುತ್ತಾ ಹೊಸ್ತಿಲು ದಾಟುತ್ತಿದ್ದವನಿಗೆ ಅಮ್ಮ ಕೂಗಿ ಹೇಳಿದಳು:

“ಹುಷಾರಪ್ಪಾ, ಭಾರ ಇದೆ, ಸೊಂಟ ಗಿಂಟ ಉಳುಕೀತು! ಸಂಜೆ ಬರ್ತೀಯಲ್ಲ?”

“ಬರದೆ ಇನ್ನೇನು ಮಾಡ್ಲಿ!”

ಅವನ ಚಪ್ಪಲಿಯ ಸದ್ದು ತಿರುವು ದಾಟುವವರೆಗೂ ಅಮ್ಮ ಕಿವಿಗೊಟ್ಟು ಕೂತಿದ್ದಳು. ಟೈಲರಕ್ಕ ಯಂತ್ರದ ಮುಂದೆ ಬಗ್ಗಿ ಕೂತಳು. ನಿನ್ನ ಬೆನ್ನು ಹೇಗಿದೆ ಎಂದು ಇಬ್ಬರಲ್ಲಿ ಒಬ್ಬರೂ ಕೇಳಿರಲಿಲ್ಲ.