ಟವಲ್ ಕೆಳಗಿನ ನಿರೂಪಕ

ಕಾದಂಬರಿಕಾರನಿಗೆ ಸರ್ವಜ್ಞತ್ವ ಜನ್ಮಸಿದ್ಧ ಹಕ್ಕು. ಪಾತ್ರಗಳ ಮನಸ್ಸಿನೊಳಗೆ ಅವನು ಅಪ್ಪಣೆ ಕೇಳದೆ ಓಡಾಡಬಹುದು. ನನ್ನ ಹಕ್ಕನ್ನು ಯಲ್ದೂರಿನ ನಮ್ಮ ಚಿಕ್ಕಪ್ಪ ಒಂದು ಲೋಟ ಕಾಫಿ ಆರುವುದರೊಳಗೆ ಕಿತ್ತುಕೊಂಡರು. ಇವತ್ತು ಬೆಳಿಗ್ಗೆ ಹಸ್ತಪ್ರತಿಯ ಕಟ್ಟು ಬಿಚ್ಚಿದಾಗ ಹಾಳೆಯ ಮೇಲೆ ಆ ಕಾಫಿಯ ಕಲೆ ಕಂಡು ಎಲ್ಲವೂ ನೆನಪಾಯಿತು.

ನಮ್ಮ ಕಡೆ ಮಾವಿನ ವ್ಯಾಪಾರ ಬಾಯಲ್ಲಿ ನಡೆಯುತ್ತಿರಲಿಲ್ಲ. ಕೊಡುವವನೂ ಕೊಳ್ಳುವವನೂ ಟವಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಹೇಳಿಕೊಳ್ಳುತ್ತಿದ್ದರು. ಸುತ್ತ ನಿಂತವರಿಗೆ ಅಲುಗಾಡುವ ಟವಲ್ಲಷ್ಟೇ ಕಾಣುವುದು. ಒಂದು ವರ್ಷ ಅಪ್ಪ ಹಾಸಿಗೆ ಹಿಡಿದಿದ್ದರಿಂದ, ಇಬ್ಬರಿಗೂ ಸೇರಿದ ತೋಟದ ಫಸಲನ್ನು ಚಿಕ್ಕಪ್ಪನೇ ಹೀಗೆ ಮಾರಿದರು. ಸಿಕ್ಕಿದ್ದಕ್ಕಿಂತ ಕಡಿಮೆ ತಂದುಕೊಟ್ಟು ಅಣ್ಣನಿಗೆ ಮೋಸ ಮಾಡಿದರೆಂದು ಊರು ಆಡಿಕೊಂಡಿತು. ಅಪ್ಪ ಏನೂ ಅನ್ನದೆ ತೀರಿಕೊಂಡರು. ನಾನು ಕಾದಂಬರಿ ಬರೆದೆ. ಮನೆತನದಲ್ಲಿ ಯಾರಾದರೂ ಏನಾದರೂ ಮಾಡಬೇಕಲ್ಲ.

ಮೊದಲ ಕರಡಿನ ನಿರೂಪಕ ಎಲ್ಲ ಬಲ್ಲವನು. ಟವಲ್ ಕೆಳಗೂ ನುಗ್ಗಿ, ಯಾವ ಬೆರಳು ಒತ್ತಿತು, ಆಗ ತಮ್ಮನ ಎದೆಯಲ್ಲಿ ಯಾವ ಪಾಪ ಮಿಸುಕಿತು ಎಂದು ಪುಟಗಟ್ಟಲೆ ವರ್ಣಿಸಿದ್ದ. ಅಚ್ಚಿಗೆ ಮುನ್ನ ತಿಳಿಸುವುದು ಧರ್ಮವೆಂದು ಯಲ್ದೂರಿಗೆ ಹೋಗಿ ಓದಿದೆ.

"ಲೇ, ಟವಲ್ ಕೆಳಗೆ ನೀನೂ ಕೈ ಇಕ್ಕಿದ್ದೇನ್ಲಾ?" ಎಂದರು ಚಿಕ್ಕಪ್ಪ.

"ಕಾದಂಬರೀಲಿ ಹಂಗೆ ಬರೀಬೋದು, ಚಿಕ್ಕಪ್ಪಾ."

"ಬರೀಬೋದು. ನಾಳೆ ಮುಳಬಾಗಿಲಲ್ಲಿ ನಮ್ಮ ಬೀಗರು ಓದ್ತಾರೆ. ಅವ್ರಿಗೆ ನೀನೇ ಹೋಗಿ ಹೇಳ್ತೀಯಾ, ಇದು ಕಾದಂಬರಿ ಅಂತ?"

ಸರ್ವಜ್ಞನನ್ನು ಕೆಲಸದಿಂದ ತೆಗೆದೆ. ಫಸಲು ಮಾರಿದ ದಿನ ನಾನೂ ಪಕ್ಕದಲ್ಲಿ ನಿಂತಿದ್ದೆನಾದ್ದರಿಂದ ಎರಡನೆಯ ಕರಡಿನಲ್ಲಿ ಆ 'ನಾನು' ಕಥೆ ಹೇಳಿದ. ಟವಲ್ಲಿನ ಮೇಲ್ಭಾಗಕ್ಕಷ್ಟೇ ಸಾಕ್ಷಿ. ಇಂಥ ನಿಷ್ಪಕ್ಷಪಾತ ನಿರೂಪಕ ಲೋಕದಲ್ಲೇ ಇಲ್ಲವೆಂದು ಎದೆಯುಬ್ಬಿಸಿ ಮತ್ತೆ ಹೋಗಿ ಓದಿದೆ. ಅವರಿಗೆ ಇನ್ನೂ ಹೆಚ್ಚು ಕೋಪ ಬಂತು.

"ಅದ್ರಲ್ಲಿ ಕಳ್ಳ ಅಂದೆ. ಇದ್ರಲ್ಲಿ ಕಳ್ಳ ಇರ್ಬೋದು ಅಂತೀಯ. ಇದಕ್ಕಿಂತ ಅದೇ ವಾಸಿ. ನನ್ ಬಾಯಲ್ಲೇ ಹೇಳ್ಸು ಕಣೋ!"

"ಹೇಳ್ಸಪ್ಪಾ," ಎಂದರು ಒಳಗಿನಿಂದ ಚಿಕ್ಕಮ್ಮ, "ಪುಸ್ತಕ ಹೊರೋಕೆ ಎತ್ತಿನ ಗಾಡಿ ಬೇಕಾಗ್ತದೆ."

ಚಿಕ್ಕಪ್ಪ ಹೇಳತೊಡಗಿದರು: ಶ್ರೀನಿವಾಸಪುರದ ಮಾವು ತಮ್ಮ ಕೈಗುಣದಿಂದ ಸಿಹಿಯಾದ ಬಗೆ, ಮದುವೆಗೆ ಮುಂಚೆ ತಮಗಿದ್ದ ಮೀಸೆ, ಅದಕ್ಕೆ ಹೆದರಿದವರು. ಕಥೆ ಟವಲ್ಲಿನ ಹತ್ತಿರ ಬಂದಾಗ ಮಾತ್ರ ಅದನ್ನು ಹಾರಿಸಿ ಮುಂದಿನ ವರ್ಷದ ಫಸಲಿಗೆ ಹೋದರು.

"ದರ ಎಷ್ಟಾಯ್ತು, ಚಿಕ್ಕಪ್ಪಾ?"

"ಅದನ್ನ ಹೇಳ್ಬಾರ್ದು. ಕೈ ಹಿಡಿದ ಇಬ್ಬರಲ್ಲೇ ಇರ್ಬೇಕು."

"ಹೇಳಿದ್ರೆ ನಿಮ್ಮ ಮೇಲಿನ ಅಪವಾದ ಹೋಗ್ತದಲ್ಲ?"

"ನಮ್ಮಣ್ಣನೇ ಕೇಳ್ಲಿಲ್ಲ," ಎಂದರು ಅವರು. "ನಿಂಗ್ಯಾಕ್ಲಾ?"

ಅಪ್ಪನ ಮೌನಕ್ಕೆ ಎರಡೂ ಕರಡುಗಳಲ್ಲಿ ನಾನು ಸಂಶಯವೆಂದು ಹೆಸರಿಟ್ಟಿದ್ದೆ. ಇವತ್ತು ಆ ಹೆಸರನ್ನು ಹೊಡೆದುಹಾಕಿದೆ. ಬದಲಿಗೆ ಏನನ್ನೂ ಬರೆಯಲಿಲ್ಲ.

ಈಗ ಕಾದಂಬರಿಯನ್ನು ಚಿಕ್ಕಪ್ಪ ಹೇಳುತ್ತಾರೆ. ದರ ಅದರಲ್ಲಿ ಇಲ್ಲ.