ಹಂಚಿನ ಮೇಲೆ ಬಿದ್ದ ಚೆಂಡು

ನನಗೆ ಟೆನಿಸ್ ಕಲಿಸಿದವರು ದಿನಾ ಖಾನಾಪುರದಿಂದ ರೈಲಿನಲ್ಲಿ ಬೆಳಗಾವಿಗೆ ಬರುತ್ತಿದ್ದರು. ಚೀಲದಲ್ಲಿ ಅವರೂರಿನಲ್ಲೇ ಸುಟ್ಟ ಒಂದು ಛಾವಣಿ ಹಂಚು ಇರುತ್ತಿತ್ತು. ಸರ್ವ್ ಮಾಡಲು ನಿಂತ ನನ್ನ ಎಡಗಾಲಿನ ಮುಂದೆ ಅದನ್ನು ಇಡುತ್ತಿದ್ದರು. ಮೇಲೆ ಹಾರಿಸಿದ ಚೆಂಡನ್ನು ಹೊಡೆಯದೆ ಬಿಟ್ಟರೆ ಅದು ಹಂಚಿನ ಮೇಲೇ ಬೀಳಬೇಕು. ನನ್ನದು ಎಲ್ಲೆಲ್ಲೋ ಬೀಳುತ್ತಿತ್ತು.

"ಒಗೀಬ್ಯಾಡ್ರಿ ಅಕ್ಕಾರ, ಗ್ವಾಡಿ ಮಾಡದಾಗ ದೀಪ ಇಟ್ಟಂಗ ಮ್ಯಾಲ ಇಡ್ರಿ," ಎನ್ನುತ್ತಿದ್ದರು.

ಅವರ ಎಡಗೈ ಸದಾ ಜೇಬಿನಲ್ಲಿರುತ್ತಿತ್ತು. ಒಂದು ಬೆಳಿಗ್ಗೆ ಅದನ್ನು ಹೊರತೆಗೆದರು. ಕೈ ನಡುಗುತ್ತಿತ್ತು.

"ಇದಕ್ಕ ಈಗ ಇಡಾಕ ಬರೂದಿಲ್ಲ. ಇವತ್ತ ನೀವ ಇಡ್ರಿ, ನಾ ಹೊಡೀತೀನಿ."

ಅವರ ಪಕ್ಕದಲ್ಲಿ ನಿಂತು ಚೆಂಡನ್ನು ಮೇಲಿಟ್ಟೆ. ರ್‍ಯಾಕೆಟ್ ಎತ್ತಿದವರು ಹೊಡೆಯಲೇ ಇಲ್ಲ, ಚೆಂಡನ್ನೇ ನೋಡುತ್ತ ನಿಂತುಬಿಟ್ಟರು. ಅದು ಹಂಚಿನ ಮೇಲೆ ಟಕ್ಕೆಂದು ಬಿತ್ತು.

"ಖರೇನ ಇಟ್ರಿ ನೋಡ್ರಿ," ಎಂದರು.

ಅಂದು ಹೊರಡುವಾಗ ಅವರು ಹಂಚನ್ನು ಚೀಲಕ್ಕೆ ಹಾಕಿಕೊಳ್ಳಲಿಲ್ಲ.